ಹಳೇ ಸೀಕೋ 5, 7009: ಯಂತ್ರ ಅಪ್ಪಟ, ಡಯಲ್ ನೋಡಿ ತಗೊಳ್ಳಿ

ಎಚ್‌ಎಂಟಿಗೆ ದಿನಾ ಬೆಳಿಗ್ಗೆ ಕೀ ಕೊಡುವುದು ನನಗೆ ಅಭ್ಯಾಸ. ಜಪಾನಿನ ಈ ಹಳೇ ಸೀಕೋ 5 ವಾಚು (7009 ಅನ್ನುವುದು ಅದರೊಳಗಿನ ಯಂತ್ರದ ನಂಬರು) ಬಂದ ಮೇಲೆ ಆ ಕೆಲಸವೇ ಇಲ್ಲ. ಕೀ ತಿರುಗಿಸಿದರೂ ಇದರ ಸ್ಪ್ರಿಂಗ್ ಸುತ್ತುವುದಿಲ್ಲ, ಕೈ ಆಡಿದರಷ್ಟೇ ಸುತ್ತುತ್ತದೆ. ಆಟೋಮ್ಯಾಟಿಕ್ ಅಂದರೆ ಇದೇ.

ಹಿಂದಿನ ಮುಚ್ಚಳ ತೆಗೆಸಿದಾಗ ಒಮ್ಮೆ ಗಮನವಿಟ್ಟು ನೋಡಿ. ಕೈ ಆಡಿದಂತೆ ತಿರುಗುವ ಅರ್ಧಚಂದ್ರದಂಥ ತೂಕದ ತಟ್ಟೆ, ಅಂದರೆ ರೋಟರ್, ಅದರಡಿ ಎರಡು ಕೊಕ್ಕೆಗಳಿರುವ ಪುಟ್ಟ ಕಡ್ಡಿ. ಸೀಕೋದವರು ಇದಕ್ಕೆ ಮ್ಯಾಜಿಕ್ ಲಿವರ್ ಎನ್ನುತ್ತಾರೆ, 1959ರಲ್ಲಿ ತಂದದ್ದು. ಒಂದು ಕೊಕ್ಕೆ ಸ್ಪ್ರಿಂಗ್ ಸುತ್ತುವ ಹಲ್ಲಿನ ಚಕ್ರವನ್ನು ಎಳೆದರೆ ಇನ್ನೊಂದು ತಳ್ಳುತ್ತದೆ, ಹಾಗಾಗಿ ರೋಟರ್ ಎತ್ತ ತಿರುಗಿದರೂ ಚಕ್ರ ಒಂದೇ ಕಡೆ ಹೋಗುತ್ತದೆ. ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟು ಕೆಲಸ! ದುಬಾರಿ ವಾಚುಗಳನ್ನು ನೋಡಿದಾಗಲೂ ನನಗೆ ಇಷ್ಟು ಖುಷಿಯಾಗಿಲ್ಲ.

ಶನಿವಾರ, ಭಾನುವಾರ ನಾನು ವಾಚು ಕಟ್ಟುವುದಿಲ್ಲ, ಸೋಮವಾರಕ್ಕೆ ಅದು ನಿಂತಿರುತ್ತದೆ. ಮಲಗಿಸಿದ ಹಾಗೆ ಹಿಡಿದು ಮೆಲ್ಲಗೆ ಆಚೀಚೆ ಆಡಿಸುತ್ತೇನೆ, ಒಳಗೆ ರೋಟರ್ ಗಿರ್ರೆನ್ನುತ್ತದೆ, ಸೆಕೆಂಡ್ ಮುಳ್ಳು ಹೊರಡುತ್ತದೆ. ಮೊದಲು ಗಂಟೆ ಮುಳ್ಳನ್ನು ಆರಕ್ಕೆ ತರುತ್ತೇನೆ, ಆಮೇಲೆ ತಾರೀಖು, ವಾರ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗೆ ತಾರೀಖು ಬದಲಾಗುವ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಆಗ ತಿರುಗಿಸಿದರೆ ಮುರಿಯಬಹುದು. ಕಾಫಿ ಕುಡಿಯುತ್ತಾ ಇಷ್ಟೆಲ್ಲ ಮಾಡುವುದು ನನಗೆ ಬಹಳ ಇಷ್ಟ. ಕೀ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ, ಹಾಗಾಗಿ ಸೆಕೆಂಡಿನ ಲೆಕ್ಕ ಬೇಕೆನ್ನುವವರಿಗೆ ಇದು ಸರಿ ಬರುವುದಿಲ್ಲ.

ಇನ್ನು ಸಿಟ್ಟಿನ ವಿಷಯ. ಈಚೆಗೆ ಇದರ ಜೊತೆಗಿರಲಿ ಅಂತ ಇನ್ನೊಂದು 7009 ತರಿಸಿದೆ. ಮಾರಿದವರು ಎಲ್ಲ ಒರಿಜಿನಲ್ ಅಂದಿದ್ದರು. ಬಂದದ್ದು ಹೊಸ ಬಣ್ಣ ಬಳಿದ, ಕಿತ್ತಳೆ ಬಣ್ಣದ ಡಯಲ್. ಅಕ್ಷರಗಳು ದಪ್ಪ, ಗೆರೆಗಳು ಸೊಟ್ಟ, ಡಯಲ್‌ನ ಕೆಳ ಅಂಚಿನಲ್ಲಿ ಇರಬೇಕಾದ ಸಣ್ಣ ನಂಬರೇ ಇಲ್ಲ. ನಮ್ಮಲ್ಲಿ ಇಂಥವು ಎಷ್ಟು ಸುತ್ತಾಡುತ್ತಿವೆ ಅಂದರೆ ಹೊರದೇಶದ ಸಂಗ್ರಾಹಕರು ಮುಂಬೈ ಸ್ಪೆಷಲ್ ಅಂತ ಹೆಸರೇ ಇಟ್ಟಿದ್ದಾರೆ. ಬಣ್ಣ ಬಳಿದದ್ದು ಅಂತ ಹೇಳಿ ಮಾರಿದರೆ ನನ್ನ ತಕರಾರಿಲ್ಲ. ಮುಚ್ಚಿಟ್ಟು ಮಾರುವುದು ಮೋಸ, ಅಲ್ವಾ?

ಆದರೂ ಅದನ್ನು ವಾಪಸ್ ಮಾಡಲಿಲ್ಲ. ಒಳಗಿನ ಯಂತ್ರ, ಅಂದರೆ ಮೂವ್‌ಮೆಂಟ್, ಅಪ್ಪಟ, ಸವೆತ ತಡೆಯುವ 17 ಪುಟ್ಟ ಕಲ್ಲುಗಳಿರುವುದು, ಸರ್ವಿಸ್ ಮಾಡಿಸಿದ ಮೇಲೆ ಸೊಗಸಾಗಿ ಓಡುತ್ತಿದೆ. ಹೊಸ ಆಟೋಮ್ಯಾಟಿಕ್‌ಗೆ ಸುರಿಯುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ, ಇದ್ದರೂ ಇದನ್ನೇ ಕಟ್ಟುತ್ತಿದ್ದೆ.

ತಗೊಳ್ಳುವವರು ಡಯಲ್ ಅಂಚಿನ ಫೋಟೋ, ತೆರೆದ ಬೆನ್ನಿನ ಫೋಟೋ ಎರಡನ್ನೂ ಕೇಳಿ. ಮುಚ್ಚಳದ ಸೀರಿಯಲ್ ನಂಬರಿನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಮಸುಕಾದ ಹಳೇ ಡಯಲ್ ಸಿಕ್ಕರೆ ಅದನ್ನೇ ತಗೊಳ್ಳಿ, ಸರ್ವಿಸ್ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಿ.