ಅವ್ವನ ತೋಳಿನ ಹೆಪಾರಿನ್ ಗ್ರಾಫ್ಟ್: 14 ತಿಂಗಳ ಅನುಭವ

ನಮ್ಮ ಅವ್ವನಿಗೆ 63 ವರ್ಷ. ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ 4 ಗಂಟೆ. ದಾವಣಗೆರೆಯಲ್ಲೇ ಆಗುತ್ತದೆ. ನಿಟುವಳ್ಳಿಯ ಮನೆಯಿಂದ ಆಟೋದಲ್ಲಿ ಕರೆದುಕೊಂಡು ಹೋಗಿ ಬರುವವಳು ನಾನೇ. ಅವಳ ಎಡತೋಳಿಗೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಲೇಪನದ ಗ್ರಾಫ್ಟ್, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಕೂರಿಸುವ ಕೃತಕ ಕೊಳವೆ, ಹಾಕಿಸಿ 14 ತಿಂಗಳಾಯಿತು. ಹಾಕಿಸುವ ಮುಂಚೆ ಇದರ ಬಗ್ಗೆ ಕನ್ನಡದಲ್ಲಿ ಹುಡುಕಿ ಹುಡುಕಿ ಸಾಕಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸ್ವಂತ ನರದಲ್ಲಿ (ವೇನ್) ಫಿಸ್ಟುಲಾ, ಅಂದರೆ ಆ ನರವನ್ನು ಹೃದಯದಿಂದ ರಕ್ತ ತರುವ ಆರ್ಟರಿಗೆ ನೇರ ಜೋಡಿಸುವುದು, ಆಗುವುದಾದರೆ ಅದನ್ನೇ ಮಾಡಿಸಿ. ಅವ್ವನಿಗೆ ಆಗಲಿಲ್ಲ. ಮಣಿಕಟ್ಟಿನ ಹತ್ತಿರ ಮಾಡಿದ್ದು ಬಲಿಯಲೇ ಇಲ್ಲ, ನರ ಅಷ್ಟು ಸಣ್ಣ. ಮೊಣಕೈ ಹತ್ತಿರ ಮಾಡಿದ್ದು 3 ತಿಂಗಳಿಗೆ ಕಟ್ಟಿಕೊಂಡಿತು. ಅಷ್ಟು ದಿನವೂ ಡಯಾಲಿಸಿಸ್‌ಗೆ ಕುತ್ತಿಗೆಯ ಕ್ಯಾಥೆಟರ್ (ನರದೊಳಗೆ ಇಟ್ಟ ಟ್ಯೂಬ್). ಸೋಂಕಾದೀತು ಅಂತ ತಲೆಸ್ನಾನಕ್ಕೂ ಹೆದರಿಕೆ. ಎರಡು ಸಲ ಡಯಾಲಿಸಿಸ್ ಮಧ್ಯೆ ಚಳಿಜ್ವರ ಬಂದು ಹಾಸಿಗೆಯೇ ನಡುಗಿತ್ತು. ಆಮೇಲೆ ಸರ್ಜನ್ ಗ್ರಾಫ್ಟ್ ಅಂದರು.

ಗ್ರಾಫ್ಟ್ ಅಂದರೆ ಚರ್ಮದ ಕೆಳಗೆ ಆರ್ಟರಿಗೂ ನರಕ್ಕೂ ಜೋಡಿಸುವ ಮೆತ್ತನೆಯ ಬಿಳಿ ಕೊಳವೆ. ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಟೆಫ್ಲಾನ್ ಇದೆಯಲ್ಲ, ಅದನ್ನೇ ಎಳೆದು ಹಿಗ್ಗಿಸಿ ಮಾಡಿದ್ದು. ಟೆಫ್ಲಾನ್ ಸಿಕ್ಕಿದ್ದು 1938ರಲ್ಲಿ, ಹೀಗೆ ಹಿಗ್ಗಿಸುವ ಉಪಾಯ ಸಿಕ್ಕಿದ್ದು 1969ರಲ್ಲಿ. ಎಷ್ಟೇ ನುಣುಪಾದರೂ ರಕ್ತಕ್ಕೆ ಅದು ಹೊರಗಿನ ವಸ್ತು. ತಾಗಿದ ಕಡೆ ಹೆಪ್ಪುಗಟ್ಟಲು ನೋಡುತ್ತದೆ. ಅದನ್ನು ತಡೆಯಲು ಕೊಳವೆಯ ಒಳಮೈಗೆ ಹೆಪಾರಿನ್ ಅಂಟಿಸಿರುತ್ತಾರೆ.

ಅಂಟಿಸುವ ರೀತಿ ನನಗೆ ಬಹಳ ಹಿಡಿಸಿತು. ಭದ್ರಾ ಚಾನೆಲ್ ಗದ್ದೆಯಲ್ಲಿ ನಾಟಿ ಮಾಡಿದ ಸಸಿ ನೆನಪು ಮಾಡಿಕೊಳ್ಳಿ. ಬುಡ ಕೆಸರಲ್ಲಿ ಗಟ್ಟಿ, ಮೇಲಿನದೆಲ್ಲ ನೀರಲ್ಲಿ ಆಡುತ್ತಿರುತ್ತದೆ. ಹೆಪಾರಿನ್ ಎಳೆಯೂ ಹಾಗೆ, ಒಂದು ತುದಿ ಮಾತ್ರ ಗೋಡೆಗೆ ಕಚ್ಚಿಕೊಂಡಿರುತ್ತದೆ. ನಮ್ಮ ರಕ್ತದಲ್ಲೇ ಇರುವ ಆಂಟಿಥ್ರಾಂಬಿನ್ ಅನ್ನುವ ಪ್ರೋಟೀನ್ ಬಂದು ಆ ಎಳೆಗೆ ಕೂರುತ್ತದೆ. ಹೆಪ್ಪುಗಟ್ಟಿಸುವ ಥ್ರಾಂಬಿನ್ ಹತ್ತಿರ ಬಂದರೆ ಹಿಡಿದು ಸುಮ್ಮನಾಗಿಸುತ್ತದೆ. ಎರಡೂ ಜೊತೆಯಾಗಿ ರಕ್ತದಲ್ಲಿ ಹರಿದು ಹೋಗುತ್ತವೆ. ಎಳೆ ಅಲ್ಲೇ ಉಳಿಯುತ್ತದೆ, ಮುಂದಿನದಕ್ಕೆ.

ಇಲ್ಲಿ ಒಂದು ಸಂಕಟ ಬಂತು. ಹೆಪಾರಿನ್ ತೆಗೆಯುವುದು ಹಂದಿಯ ಕರುಳಿನಿಂದ. ಅವ್ವ ಮೊಟ್ಟೆಯನ್ನೂ ಮುಟ್ಟದವಳು. ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ, ಹೇಳಿಬಿಟ್ಟೆ. ಒಂದು ದಿನ ಊಟ ಬಿಟ್ಟು ಕೂತಳು. ಡಾಕ್ಟರ್ ಪಕ್ಕದಲ್ಲಿ ಕೂತು, "ಅಮ್ಮಾ, ಪ್ರತಿ ಸಲ ಮಷೀನಿಗೆ ಹಾಕೋದೂ ಇದೇ ಔಷಧಿ. ನಿಮ್ಮ ಜೀವ ಉಳಿಸಿರೋದೇ ಅದು" ಅಂದರು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕ್ರಿ ಹಂಗಾದ್ರೆ" ಅಂದಳು. ನಿಮ್ಮ ಮನೆಯವರಿಗೂ ಮೊದಲೇ ಹೇಳಿ. ಆಮೇಲೆ ಗೊತ್ತಾದರೆ ಜಾಸ್ತಿ ನೋವಾಗುತ್ತದೆ, ಅಲ್ವಾ?

ಸಾದಾ ಗ್ರಾಫ್ಟ್‌ಗಿಂತ ಇದಕ್ಕೆ ದುಡ್ಡು ಜಾಸ್ತಿ. ನನ್ನ ಬೇಸರ ದುಡ್ಡಿನ ಬಗ್ಗೆ ಅಲ್ಲ, ಬಿಲ್ಲಿನ ಬಗ್ಗೆ. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ "ಸಾಮಾನು" ಅಂತ ಒಂದೇ ಸಾಲು ಬರೆದು ಕೊಟ್ಟರು. ಗ್ರಾಫ್ಟ್‌ನ ಪೆಟ್ಟಿಗೆಯಲ್ಲಿ ಬರುವ, ಅದು ಯಾವುದು ಅಂತ ಬರೆದಿರುವ ಸ್ಟಿಕ್ಕರ್‌ಗಾಗಿ 3 ಸಲ ಅಲೆದೆ. ಅದು ಬೇಕೇ ಬೇಕು. ಕೆಲವರಿಗೆ ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಇಳಿಯುತ್ತದೆ. ಅಂಥವರಿಗೆ ಈ ಗ್ರಾಫ್ಟ್ ಹಾಕಲೇಬಾರದು. ಮುಂದೆ ಯಾವತ್ತಾದರೂ ಹಾಗಾದರೂ ತೋಳಲ್ಲಿ ಏನಿದೆ ಅಂತ ಡಾಕ್ಟರಿಗೆ ಗೊತ್ತಿರಬೇಕು. ಈಗ ಆ ಸ್ಟಿಕ್ಕರ್ ಅವ್ವನ ಡಯಾಲಿಸಿಸ್ ಪುಸ್ತಕದ ಮೊದಲ ಪುಟದಲ್ಲಿದೆ.

ಲೇಪನ ಇದ್ದರೆ ಬೇಗ ಸೂಜಿ ಹಾಕಬಹುದು ಅಂದುಕೊಂಡಿದ್ದೆ. ತಪ್ಪು. ಒಂದೇ ದಿನದಲ್ಲಿ ಚುಚ್ಚಬಹುದಾದ ಗ್ರಾಫ್ಟ್‌ಗಳು ಬೇರೆಯೇ ಇವೆ, ಅವುಗಳ ಗೋಡೆಯೇ ಬೇರೆ ಥರ. ಅವ್ವನ ತೋಳಿನ ಬಾವು ಇಳಿದು ಮೊದಲ ಸೂಜಿ ಹಾಕಲು 3 ವಾರ ಹಿಡಿಯಿತು. ಕುತ್ತಿಗೆಯ ಕ್ಯಾಥೆಟರ್ ತೆಗೆದ ದಿನ ಅವ್ವ ಮನೆಗೆ ಬಂದವಳೇ ತಲೆಗೆ ನೀರು ಹಾಕಿಕೊಂಡಳು.

ಈ 14 ತಿಂಗಳಲ್ಲಿ ಒಂದು ಸಲವೂ ಹೆಪ್ಪುಗಟ್ಟಿಲ್ಲ. ಆದರೆ 11ನೇ ತಿಂಗಳಲ್ಲಿ ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಅರ್ಧ ಗಂಟೆ ಆಗತೊಡಗಿತು. ಮಷೀನಿನಲ್ಲಿ ವೀನಸ್ ಪ್ರೆಷರ್ (ರಕ್ತ ಮೈಗೆ ವಾಪಸ್ ಹೋಗುವಾಗಿನ ಒತ್ತಡ) ವಾರದಿಂದ ವಾರಕ್ಕೆ ಏರುತ್ತಿತ್ತು. ಅದನ್ನು ಮೊದಲು ಗಮನಿಸಿದ್ದು ಟೆಕ್ನಿಷಿಯನ್ ಹುಡುಗ. ಸ್ಕ್ಯಾನ್ ಮಾಡಿದರೆ ಕೊಳವೆ ಚೆನ್ನಾಗಿದೆ, ಅದು ನರಕ್ಕೆ ಸೇರುವ ಕಡೆ ನರದ ಗೋಡೆ ದಪ್ಪವಾಗಿ ದಾರಿ ಕಿರಿದಾಗಿದೆ. ಗ್ರಾಫ್ಟ್‌ಗಳು ಹೆಚ್ಚಾಗಿ ಕೆಡುವುದೇ ಹೀಗೆ. ಲೇಪನ ಇರುವುದು ಕೊಳವೆಯ ಒಳಗೆ, ಕಿರಿದಾಗುವುದು ಅದರಾಚೆಯ ನರ. ಲೇಪನದ ಗ್ರಾಫ್ಟ್ ಸಾದಾದಕ್ಕಿಂತ ಜಾಸ್ತಿ ವರ್ಷ ಬಾಳುತ್ತದೆಯೇ ಅನ್ನುವುದಕ್ಕೆ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ. ಅವ್ವನಿಗೆ ಆ ಕಿರಿದಾದ ಜಾಗವನ್ನು ಒಳಗಿನಿಂದ ಬಲೂನ್ ಹಾಕಿ ಹಿಗ್ಗಿಸಿದರು.

5ಕ್ಕೆ 4 ಕೊಡುತ್ತೇನೆ. ಸಾಲ ಮಾಡಿ ಹಾಕಿಸಬೇಕಾದ ಪರಿಸ್ಥಿತಿ ಇದ್ದರೆ ಸಾದಾ ಗ್ರಾಫ್ಟ್ ಸಾಕಾ ಅಂತ ಸರ್ಜನ್‌ನ ನೇರವಾಗಿ ಕೇಳಿ. ಉಳಿದ ದುಡ್ಡು ಬಲೂನಿಗೆ ಬೇಕಾಗಬಹುದು. ಆ ಕೈಗೆ ಬಿಪಿ ಪಟ್ಟಿ ಕಟ್ಟಲು ಬಿಡಬೇಡಿ, ಬಳೆ ಬಿಗಿಯಾಗದಿರಲಿ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಗ್ರಾಫ್ಟ್ ಮೇಲೆ ಬೆರಳಿಟ್ಟು ಜುಮ್ಮೆನ್ನುತ್ತಿದೆಯಾ ನೋಡಿ, ಇಲ್ಲದಿದ್ದರೆ ಆವತ್ತೇ ಆಸ್ಪತ್ರೆಗೆ ಓಡಿ.

ಮೊನ್ನೆ ಶನಿವಾರ ಸೂಜಿ ತೆಗೆದ ಮೇಲೆ 10 ನಿಮಿಷಕ್ಕೆ ರಕ್ತ ನಿಂತಿತು.