ಚಿಕ್ಕ ಕಾರಿಗೆ ಎಷ್ಟು ಭಾರದ ಟ್ರೈಲರ್? ಮೂರನ್ನು ಎಳೆದು ನೋಡಿದ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ನಾವು ಓಡಿಸುವುದು 2.5 ಲೀಟರ್ ಎಂಜಿನ್ನಿನ, ಹೆಚ್ಚು ಗಾಳಿಯನ್ನು ಒಳಗೆ ತಳ್ಳುವ ಟರ್ಬೊ ಇಲ್ಲದ ಸುಬಾರು ಔಟ್‌ಬ್ಯಾಕ್ ಕಾರು. ಅದು ಎಳೆಯಬಹುದಾದ ಗರಿಷ್ಠ ಭಾರ 2,700 ಪೌಂಡ್, ಅಂದರೆ ಸುಮಾರು 1,225 ಕಿಲೊ. ಪ್ರವಾಸದಲ್ಲಿ ಮಲಗಲು ಕಾರಿನ ಹಿಂದೆ ಎಳೆದೊಯ್ಯುವ ಟ್ರೈಲರ್ ಕೊಳ್ಳುವ ಮುನ್ನ ಮೂರು ಬಗೆಯವನ್ನು ಬಾಡಿಗೆಗೆ ತಂದು, ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಎಳೆದು ನೋಡಿದೆ. ಒಂದು, ಒಳಗೆ ಹಾಸಿಗೆ, ಹಿಂಬಾಗಿಲಲ್ಲಿ ಅಡುಗೆಕಟ್ಟೆ ಇರುವ ಟಿಯರ್‌ಡ್ರಾಪ್. ಇನ್ನೊಂದು, ಗಟ್ಟಿ ಗೋಡೆಗಳನ್ನು ಮಡಚಿ ಪೆಟ್ಟಿಗೆಯಂತೆ ಮುಚ್ಚಬಹುದಾದ ಎ-ಫ್ರೇಮ್. ಮೂರನೆಯದು, ಒಳಗೆ ನಿಂತು ಓಡಾಡಬಹುದಾದ, 16 ಅಡಿ ಉದ್ದದ ಪೂರ್ಣ ಎತ್ತರದ ಟ್ರೈಲರ್.

ಮನೆಯವರೆಲ್ಲರ ಕಣ್ಣಿದ್ದದ್ದು ಆ ಮೂರನೆಯದರ ಮೇಲೆ. ಅದರ ಖಾಲಿ ತೂಕ 2,300 ಪೌಂಡ್ ಎಂದು ಕರಪತ್ರದಲ್ಲಿತ್ತು. ಇನ್ನೂ 400 ಪೌಂಡ್ ಉಳಿಯುತ್ತದೆ, ನಿಮ್ಮ ಕಾರು ಆರಾಮವಾಗಿ ಎಳೆಯುತ್ತದೆ ಎಂದು ಬಾಡಿಗೆ ಕೊಟ್ಟವರು ಹೇಳಿದರು. ಆದರೆ ಖಾಲಿ ತೂಕದ ಟ್ರೈಲರನ್ನು ಯಾರೂ ಎಳೆಯುವುದಿಲ್ಲ. ನೀರು ಗ್ಯಾಲನ್ನಿಗೆ 8.34 ಪೌಂಡ್ ತೂಗುತ್ತದೆ, ತುಂಬಿದ ಸಣ್ಣ ಗ್ಯಾಸ್ ಸಿಲಿಂಡರ್ ಸುಮಾರು 37, ಬ್ಯಾಟರಿ ಹತ್ತಿರ ಹತ್ತಿರ 50. ಇವುಗಳ ಮೇಲೆ ಹಾಸಿಗೆ, ಪಾತ್ರೆ, ಕುರ್ಚಿ, ಅಕ್ಕಿ, ಬೇಳೆ. ಹೆದ್ದಾರಿ ಬದಿಯ ಲಾರಿ ನಿಲ್ದಾಣದ ವಾಹನ ತೂಗುವ ಕಟ್ಟೆಯ ಮೇಲೆ ನಿಲ್ಲಿಸಿದಾಗ ಟ್ರೈಲರಿನ ಚಕ್ರಗಳ ಮೇಲಷ್ಟೇ 2,600 ಪೌಂಡ್ ಬಂತು. ಅದರ ಮೂತಿ ಕಾರಿನ ಕೊಕ್ಕೆಯ ಮೇಲೆ ಹೇರುವ ಭಾರ 340 ಎಂದು ಮನೆಯಲ್ಲೇ ಅಳೆದಿದ್ದೆ. ಒಟ್ಟು 2,940. ಟ್ಯಾಂಕಿನ 20 ಗ್ಯಾಲನ್ ನೀರನ್ನು ಪೂರ್ತಿ ಖಾಲಿ ಮಾಡಿದರೂ 2,770ಕ್ಕಿಂತ ಕೆಳಗಿಳಿಯದು.

ಅಷ್ಟು ಹೊತ್ತಿಗೆ ಆಲ್ಟಮಾಂಟ್ ಕಣಿವೆಯನ್ನು ದಾಟಿಯಾಗಿತ್ತು. ಅಲ್ಲಿ ಸಾಲುಸಾಲಾಗಿ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಅಡ್ಡಗಾಳಿ ಹೊಡೆದಾಗ ಮೊದಲು ಟ್ರೈಲರ್ ಪಕ್ಕಕ್ಕೆ ಸರಿಯುತ್ತಿತ್ತು, ಕ್ಷಣದ ನಂತರ ಕಾರಿನ ಹಿಂಭಾಗ, ಆಮೇಲೆ ನನ್ನ ಕೈಯಲ್ಲಿದ್ದ ಸ್ಟೀರಿಂಗು. ತೂಕದಷ್ಟೇ ಮುಖ್ಯವಾದದ್ದು ಗಾಳಿಗೆ ಎದುರಾಗಿ ನಿಲ್ಲುವ ಮುಖದ ಅಗಲ ಮತ್ತು ಎತ್ತರ ಎಂಬುದು ನನಗೆ ತಿಳಿದದ್ದು ಅಲ್ಲೇ. ಬರಿಯ ಕಾರು ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 28 ಮೈಲಿ ಕೊಡುತ್ತದೆ. ಇದನ್ನು ಎಳೆದಾಗ 13 ಕೊಟ್ಟಿತು. ತೂಕದ ಚೀಟಿ ಕೈಗೆ ಬಂದ ಮೇಲೆ ನೀರು ಚೆಲ್ಲಿ, ನಿಧಾನವಾಗಿ ಮನೆಗೆ ಹಿಂದಿರುಗಿದೆವು. ಆದ್ದರಿಂದ ಈ ಟ್ರೈಲರಿನ ಬೆಟ್ಟ ಹತ್ತುವ ಗುಣದ ಬಗ್ಗೆ ನನ್ನಲ್ಲಿ ಹೇಳಲು ಏನೂ ಇಲ್ಲ.

ಟಿಯರ್‌ಡ್ರಾಪಿನ ತೊಂದರೆ ಇದಕ್ಕೆ ತದ್ವಿರುದ್ಧ. ಸಾಮಾನು ತುಂಬಿಯೂ ಅದು 1,300 ಪೌಂಡ್ ದಾಟಲಿಲ್ಲ, ಕಾರಿನ ಬೆನ್ನ ಹಿಂದೆ ಅಡಗಿಕೊಂಡಂತೆ ಬರುತ್ತಿತ್ತು, ಗ್ಯಾಲನ್ನಿಗೆ 22 ಮೈಲಿ ಸಿಕ್ಕಿತು. ಆದರೆ ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದನ್ನು ನಾನು ಮರೆತಿದ್ದೆ: ಮುಂಭಾರವಾದರೆ ಎತ್ತಿನ ಹೆಗಲು ಜಜ್ಜುತ್ತದೆ, ಹಿಂಭಾರವಾದರೆ ನೊಗವೇ ಮೇಲೇಳುತ್ತದೆ. ಹಿಂಬದಿಯ ಅಡುಗೆಕಟ್ಟೆಯಲ್ಲಿ ಕುಕ್ಕರು, ಕಬ್ಬಿಣದ ದೋಸೆ ಕಾವಲಿ, ಎರಡು ನೀರಿನ ಕ್ಯಾನು, ಐಸ್ ಪೆಟ್ಟಿಗೆ ಎಲ್ಲವನ್ನೂ ಒಟ್ಟಿದ್ದರಿಂದ ಇಳಿಜಾರಿನಲ್ಲಿ ಟ್ರೈಲರ್ ನಾಯಿಬಾಲದಂತೆ ಅತ್ತಿತ್ತ ಆಡತೊಡಗಿತು. ಬ್ರೇಕನ್ನು ಒತ್ತದೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೆಟ್ಟಗೆ ಹಿಡಿದ ಮೇಲೆ ಅದು ತಹಬಂದಿಗೆ ಬಂತು. ರಸ್ತೆ ಬದಿಗೆ ನಿಲ್ಲಿಸಿ ನೀರು ಮತ್ತು ಕಾವಲಿಯನ್ನು ಚಕ್ರದ ಅಚ್ಚಿನ ಮುಂದಕ್ಕೆ ಸಾಗಿಸಿದೆವು. ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಕೂರಬೇಕೆಂಬ ನಿಯಮವನ್ನು ಅಂದಿನಿಂದ ಪ್ರತಿ ಪ್ರಯಾಣಕ್ಕೂ ಮೊದಲು ಪರೀಕ್ಷಿಸುತ್ತೇನೆ. ಸಮತಟ್ಟಾದ ನೆಲದಲ್ಲಿ, ಕೊಕ್ಕೆಯಷ್ಟೇ ಎತ್ತರದಲ್ಲಿ ನಿಲ್ಲುವಂತೆ ಮರದ ದಿಮ್ಮಿಯ ಮೇಲೆ ಸ್ನಾನದ ಮನೆಯ ತೂಕದ ಯಂತ್ರವನ್ನಿಟ್ಟು, ಟ್ರೈಲರಿನ ಮೂತಿಯನ್ನು ಅದರ ಮೇಲೆ ಇಳಿಸಿದರೆ ಲೆಕ್ಕ ಎದುರಿಗೇ ಇರುತ್ತದೆ.

ಎ-ಫ್ರೇಮ್ ನಮ್ಮ ಮೂಟೆಯೊಂದಿಗೆ 1,930 ಪೌಂಡ್ ತೂಗಿತು. ಕೊಕ್ಕೆಯ ಮೇಲೆ 215, ಅಂದರೆ ನೂರಕ್ಕೆ 11. ನಿಜವಾದ ಹೋಲಿಕೆ ನಡೆಯಬೇಕಾದದ್ದು ಎಳೆಯುವ ಮಿತಿಯಲ್ಲಲ್ಲ, ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ, ಜನ ಮತ್ತು ಸಾಮಾನು ಸೇರಿ ಕಾರು ಎಷ್ಟು ಹೊರಬಹುದೆಂದು ತಿಳಿಸುವ ಚೀಟಿಯಲ್ಲಿ ಎಂದು ನನ್ನ ಅಭಿಪ್ರಾಯ. ನಮ್ಮ ಕಾರಿನಲ್ಲಿ ಅದು 900 ಪೌಂಡ್. ನಾವು ನಾಲ್ವರು 460, ಡಿಕ್ಕಿಯ ಸಾಮಾನು 150, ಕೊಕ್ಕೆಯ ಚೌಕಟ್ಟು 40. ಇದಕ್ಕೆ 215 ಸೇರಿಸಿದರೆ 865 ಆಗಿ ಮಿತಿಯೊಳಗೆ ಉಳಿಯುತ್ತದೆ. ಅದೇ ಜಾಗದಲ್ಲಿ 16 ಅಡಿಯದರ 340 ಕೂರಿಸಿದರೆ 990. ಮಾರುವವರು ಸಾಮಾನ್ಯವಾಗಿ ಈ ಕೂಡಿಕೆಯನ್ನು ಮಾಡಿ ತೋರಿಸುವುದಿಲ್ಲ.

ಬ್ರೇಕಿನ ವಿಷಯ ಚಿಕ್ಕದು. ಟ್ರೈಲರ್ 1,000 ಪೌಂಡ್ ದಾಟಿದರೆ ಅದಕ್ಕೆ ಸ್ವಂತ ಬ್ರೇಕ್ ಬೇಕೆಂದು ಕಾರಿನ ಕೈಪಿಡಿಯೂ, ಮಲಗುವ ಟ್ರೈಲರಿಗೆ 1,500 ಪೌಂಡಿನಿಂದ ಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನೂ ಹೇಳುತ್ತವೆ. ಮೂರರಲ್ಲೂ ವಿದ್ಯುತ್ ಬ್ರೇಕ್ ಇತ್ತು, ಕಾರಿಗೆ ಅದರ ನಿಯಂತ್ರಕವನ್ನು ಹಾಕಿಸಿದ್ದೆ.

ಎ-ಫ್ರೇಮನ್ನು 7,382 ಅಡಿ ಎತ್ತರದ ಎಕೋ ಸಮ್ಮಿಟ್ ಎಂಬ ಘಟ್ಟದ ದಾರಿಯ ಮೇಲಿಂದ ಟಾಹೋ ಸರೋವರಕ್ಕೆ ಒಯ್ದೆವು. ಸಾವಿರ ಅಡಿ ಏರಿದಂತೆಲ್ಲ ಟರ್ಬೊ ಇಲ್ಲದ ಎಂಜಿನ್ನು ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ ಕೊನೆಯ ಏರಿನಲ್ಲಿ ಲಾರಿಗಳ ಹಿಂದೆ ಗಂಟೆಗೆ 40 ಮೈಲಿ ವೇಗದಲ್ಲಿ ಎಂಜಿನ್ನು ಅರಚಿಕೊಂಡೇ ಹತ್ತಿತು. ಆದರೆ ಶಾಖದ ಮುಳ್ಳು ಅಲುಗಲಿಲ್ಲ. ಇಡೀ ಪ್ರಯಾಣದ ಸರಾಸರಿ ಗ್ಯಾಲನ್ನಿಗೆ 20 ಮೈಲಿ. ಕೊಂಡದ್ದು ಅದನ್ನೇ. ಮಕ್ಕಳು ಹೊರಗೆ ಗುಡಾರದಲ್ಲಿ ಮಲಗುತ್ತಾರೆ, ಮತ್ತು ಜೋರು ಗಾಳಿಯಲ್ಲಿ ಚಾವಣಿ ಎತ್ತುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ ಎಂದು ಹೆಂಡತಿ ಈಗಲೂ ದೂರುತ್ತಾಳೆ.