ಕೆಸರು ಚೆನ್ನಾಗಿತ್ತು, ಭಾಷಣ ಜಾಸ್ತಿಯಾಯ್ತು

ಪ್ರತಿ ವರ್ಷ ಮೇ ರಜೆಯಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಿಂದ ಊರಿಗೆ ಹೋಗುವವರು ನಾವು. ಈ ಸಲ ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಸುರಿಯುವ ಮಳೆಯಲ್ಲಿ ಹೋದೆವು. ಉಡುಪಿ ಹತ್ತಿರದ ನಮ್ಮೂರಿನ ಹುಡುಗರು ‘ಕೆಸರ್ಡ್ ಒಂಜಿ ದಿನ’ ಇಟ್ಟುಕೊಂಡಿದ್ದರು. ತುಳುವಿನಲ್ಲಿ ಹಾಗೆಂದರೆ ಕೆಸರಿನಲ್ಲಿ ಒಂದು ದಿನ, ಗದ್ದೆಯ ಕೆಸರಲ್ಲಿ ಆಟ. ಮುಂಬೈ, ಗಲ್ಫಿನಲ್ಲಿರುವ ಊರವರು ಬರಲೇಬೇಕು ಅಂತ ವಾಟ್ಸಾಪಿನಲ್ಲಿ ಕರೆ ಬಂದಿತ್ತು. ಪ್ರವೇಶಕ್ಕೆ ದುಡ್ಡಿಲ್ಲ, ಊಟಕ್ಕೆ ತಲೆಗೆ 150 ರೂಪಾಯಿ.

ಮೊದಲು ಗದ್ದೆಯ ವಿಷಯ. ಆಟ ಆಡಿಸಿದ್ದು ಹಡಿಲು ಬಿದ್ದ, ಅಂದರೆ ಬೇಸಾಯ ಬಿಟ್ಟ ಗದ್ದೆಯಲ್ಲಿ. ಅದರ ಯಜಮಾನರೂ ನಮ್ಮ ಹಾಗೆ ಮುಂಬೈ ಸೇರಿದವರೇ. ಎಷ್ಟೋ ವರ್ಷ ಹುಲ್ಲು ಬೆಳೆದಿದ್ದ ಜಾಗವನ್ನು ಟಿಲ್ಲರಿನಲ್ಲಿ ಉತ್ತು, ನೀರು ಕಟ್ಟಿ, ಕಲ್ಲು, ಗಾಜಿನ ಚೂರು ಎಲ್ಲ ಹೆಕ್ಕಿದ್ದರು. ಇದಕ್ಕೆ ಪೂರ್ತಿ ಅಂಕ. ಇಡೀ ದಿನ ಬರಿಗಾಲಲ್ಲಿ ಓಡಿದೆವು, ಒಬ್ಬರ ಕಾಲಿಗೂ ಗಾಯವಾಗಲಿಲ್ಲ.

ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಎಳೆಯುವ ಓಟದಲ್ಲಿ ನಮ್ಮವರು ಮುಗ್ಗರಿಸಿ ಬಿದ್ದರು. ಹಾಳೆಯಲ್ಲಿ ಕೂತಿದ್ದ ಮಗಳು ಅವರನ್ನು ದಾಟಿ ಮುಂದೆ ಹೋದಳು. ಹೆಂಗಸರ ಹಗ್ಗಜಗ್ಗಾಟದಲ್ಲಿ ಮುಂಬೈ ಒಂದು ಕಡೆ, ಊರು ಇನ್ನೊಂದು ಕಡೆ. ಮೂರು ಎಣಿಸುವುದರೊಳಗೆ ನಾವು ಮಕಾಡೆ. ಆಮೇಲೆ ನೇಜಿ (ಭತ್ತದ ಸಸಿ) ನೆಟ್ಟು ಪಳಗಿದ ಒಬ್ಬ ಅಕ್ಕ ಬಂದು, "ಹಿಮ್ಮಡಿ ಊರಬಾರದು ಮಾರಾಯ್ತಿ, ಬೆರಳು ಕೆಸರಿಗೆ ಚುಚ್ಚಿ ನಿಲ್ಲು" ಅಂತ ಕಾಲು ಹಿಡಿದು ತೋರಿಸಿದರು. ಎರಡನೇ ಸಲವೂ ಸೋತೆವು. ಆದರೆ ಸ್ವಲ್ಪ ಹೊತ್ತು ನಿಂತು ಸೋತೆವು!

ಊಟ ಹಾಳೆ ತಟ್ಟೆಯಲ್ಲಿ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಕೆಸುವಿನ ಎಲೆಯ ಪತ್ರೊಡೆ, ತಗಟೆ ಸೊಪ್ಪಿನ ಅಂಬಡೆ (ವಡೆ), ಕಣಿಲೆ (ಎಳೆ ಬಿದಿರು) ಪಲ್ಯ. ಆಟಿ ಅಂದರೆ ಹಿಂದೆ ಪಣತ (ಭತ್ತದ ಕಣಜ) ಖಾಲಿಯಾಗಿ, ಬೇಲಿಬದಿಯ ಸೊಪ್ಪು, ಹಲಸಿನ ಬೀಜದಲ್ಲಿ ದಿನ ದೂಡುತ್ತಿದ್ದ ತಿಂಗಳು. ಅಜ್ಜಿಗೆ ಬೇರೆ ದಾರಿಯಿಲ್ಲದೆ ಬೇಯಿಸುತ್ತಿದ್ದುದನ್ನು ನಾವು ಟೋಕನ್ ಹಿಡಿದು ಸಾಲಲ್ಲಿ ನಿಂತು ತಿಂದೆವು, ತಮಾಷೆ ಅಲ್ವಾ? ಕಣಿಲೆ ಪಲ್ಯ ಬಹಳ ಚೆನ್ನಾಗಿತ್ತು. ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತಾ ಎರಡು ದಿನ ನೆನೆಸಿದ್ದರಂತೆ. ಹೆಸರುಕಾಳು ಹಾಕಿದ್ದರು. ಕಹಿ ಇರಲಿಲ್ಲ, ಕಣಿಲೆಯ ವಾಸನೆ ಮಾತ್ರ ಹಾಗೇ ಇತ್ತು. ಪತ್ರೊಡೆಗೆ ಹುಳಿ ಸಾಲದೆ ನನ್ನ ಗಂಟಲು ಸಂಜೆತನಕ ತುರಿಸಿತು.

ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯವನ್ನೂ ಇಟ್ಟಿದ್ದರು. ನಾನು ಕುಡಿಯಲಿಲ್ಲ. ಅದನ್ನು ಕುಡಿಯುವುದು ಆಟಿ ಅಮಾವಾಸ್ಯೆ ಬೆಳಗ್ಗೆ, ಖಾಲಿ ಹೊಟ್ಟೆಗೆ. ಕತ್ತಲಿರುವಾಗಲೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ಕೆತ್ತೆ ತರಬೇಕು. ಇಲ್ಲಿ ಭಾನುವಾರ ಹತ್ತೂವರೆಗೆ, ತಿಂಡಿ ತಿಂದವರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಹಂಚಿದರು. ನಮ್ಮ ರಜೆಗಾಗಿ ಅಮಾವಾಸ್ಯೆಯನ್ನೇ ಸರಿಸುವುದು ಬೇಡಪ್ಪ.

ದೊಡ್ಡ ತಕರಾರು ಸಭೆಯದ್ದು. ‘ಪರವೂರಿನ ಅತಿಥಿಗಳು’ ಅಂತ ನಮ್ಮನ್ನು ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಗುಲಾಬಿ ಕೊಟ್ಟು, ಒಂದೂಮುಕ್ಕಾಲು ಗಂಟೆ ಶಾಲು, ಹಾರ, ಸ್ಮರಣಿಕೆ. ಮಕ್ಕಳ ಮೈಮೇಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ನನ್ನ ಜೊತೆ ನಾಲ್ಕನೇ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು ಹಿಂದೆ ಕೊಡೆ ಹಿಡಿದು ನಿಂತಿದ್ದಾಳೆ, ನಾನು ಮುಂದೆ ಗುಲಾಬಿ ಹಿಡಿದು ಕೂತಿದ್ದೇನೆ. ನಾನೆಂಥ ಅತಿಥಿ?

ಮುಂದಿನ ವರ್ಷ ಹೋಗುವವರಿಗೆ: ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಗಾಡಿಗಳು ನಿಧಾನ, ಸಮಯ ಬೇರೆ. ನೋಡಿಕೊಂಡು ಟಿಕೆಟ್ ಮಾಡಿ. ಎರಡು ಜೊತೆ ಹಳೇ ಬಟ್ಟೆ ತನ್ನಿ. ಮೈ ತೊಳೆಯಲು ತೋಡು (ಸಣ್ಣ ಹಳ್ಳ) ಇದೆ, ಪಂಪಿನ ನೀರೂ ಇದೆ. ಹೆಂಗಸರು ಬಟ್ಟೆ ಬದಲಿಸಲು ಮಾತ್ರ ಒಂದೇ ಒಂದು ಟಾರ್ಪಾಲಿನ ಮರೆ, ಅದೂ ಗಾಳಿಗೆ ಹಾರುತ್ತಿತ್ತು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಮರುದಿನ ಬೆಳಗ್ಗೆ ಹೋಗಿ ನೋಡಿದರೆ, ನಾವು ಬಿದ್ದು ಹೊರಳಾಡಿದ ಗದ್ದೆಯಲ್ಲಿ ನೇಜಿ ನೆಡುತ್ತಿದ್ದರು. ಬದಿಯ ಗದ್ದೆ ನಮ್ಮದು, ಸೊಂಟದೆತ್ತರ ಹುಲ್ಲು. "ಬರುವ ವರ್ಷ ಇದನ್ನು ಕೊಡ್ತೀರಾ ಅಕ್ಕಾ?" ಅಂತ ಒಬ್ಬ ಹುಡುಗ ಕೇಳಿದ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಅಣ್ಣಂದಿರನ್ನು ಕೇಳಿ ಹೇಳ್ತೇನೆ ಅಂದೆ.